ಬಿದಿರು ಕೋಲಿನ ರಾಕ್ಷಸ

ನುಯಿಯನ್ನು ನಾನು ಮೊದಲು ಕಂಡದ್ದು ಬೆನ್ನಿನ ಕಡೆಯಿಂದ.

ಅವಳು ನನ್ನ ಕಡೆಗೆ ಓಡಿ ಬರಬೇಕಾಗಿತ್ತು. ಬಾಯಿ ತೆರೆದು, ಕೂದಲು ಕೆದರಿಕೊಂಡು, ಕಡಲಿನಿಂದ ಎದ್ದ ರಾಕ್ಷಸನನ್ನು ಹಿಂದಿರುಗಿ ನೋಡಿ ಕಿರುಚುತ್ತ, ಕಡಲ ದಂಡೆಯ ರಸ್ತೆಯಲ್ಲಿ ನೇರವಾಗಿ ಕ್ಯಾಮರಾದ ಎದುರಿಗೆ ಬರಬೇಕು ಎಂದು ಬೆಳಿಗ್ಗೆ ಎಂಟು ಗಂಟೆಯಿಂದ ಊರಿನವರಿಗೆಲ್ಲ ಹೇಳಿಕೊಟ್ಟಿದ್ದೆ. ಎಲ್ಲರೂ ತಲೆ ಆಡಿಸಿದ್ದರು. ನನ್ನ ಬಿಳಿ ಬಾವುಟ ಕೆಳಗೆ ಬಿದ್ದ ಕೂಡಲೇ ಅವಳು ಎಡಕ್ಕೆ ತಿರುಗಿ ಗುಡ್ಡದ ಮೇಲಿನ ಗುಡಿಯ ಮೆಟ್ಟಿಲು ಹತ್ತಿಬಿಟ್ಟಳು. ಅವಳ ಹಿಂದೆ ಊರಿಗೆ ಊರೇ ಹತ್ತಿತು. ಅರ್ಧ ನಿಮಿಷದಲ್ಲಿ ರಸ್ತೆ ಖಾಲಿ. ಕ್ಯಾಮರಾದ ಕಡೆಗೆ ಬಂದದ್ದು ಒಂದು ನಾಯಿ ಮಾತ್ರ. ಅದೂ ಬಾಲ ಅಲ್ಲಾಡಿಸುತ್ತ ಬಂತು.

ನಿರ್ದೇಶಕ ಸೊಯೆಜಿಮಾ ಅವರು ಕುರ್ಚಿಯಿಂದ ಏಳಲಿಲ್ಲ. ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು. ಅವರು ಟೋಪಿ ತೆಗೆದರೆಂದರೆ ಯಾರದೋ ಗ್ರಹಚಾರ ಕೆಟ್ಟಿತೆಂದು ನಮ್ಮಲ್ಲಿ ಲೆಕ್ಕ.

"ಮಕಿತಾ, ಜನ ಎಲ್ಲಪ್ಪಾ?"

"ಗುಡ್ಡದ ಮೇಲಿದಾರೆ, ಸರ್."

"ಗುಡ್ಡದ ಮೇಲೆ ಏನು ಮಾಡ್ತಿದಾರೆ?"

ನಾನು ಕಣ್ಣಿಗೆ ಕೈ ಅಡ್ಡವಿಟ್ಟು ನೋಡಿದೆ. "ಕೂತಿದಾರೆ, ಸರ್. ತಲೆ ಎಣಿಸ್ತಿದಾರೆ ಅನ್ಸುತ್ತೆ."

ಯುದ್ಧ ಮುಗಿದು ಹನ್ನೆರಡು ವರ್ಷವಾಗಿದ್ದ ಕಾಲ. ಟೋಕಿಯೋದ ಒಂದು ಸಿನಿಮಾ ಕಂಪನಿಯಲ್ಲಿ ನಾನು ಮೂರನೆಯ ಸಹಾಯಕ ನಿರ್ದೇಶಕ. ನಾಲ್ಕು ವರ್ಷದಿಂದ ಮೂರನೆಯವನೇ. ಜನರನ್ನು ಸೇರಿಸುವುದು, ಓಡಿಸುವುದು, ನಿಲ್ಲಿಸುವುದು, ಊಟದ ಡಬ್ಬಿ ಹಂಚುವುದು, ಇಷ್ಟೇ ನನ್ನ ಕಲೆ. ಉತ್ತರದ ಕಡಲತೀರದ ಕಿರಿಹಾಮ ಎಂಬ ಈ ಮೀನುಗಾರರ ಊರಿಗೆ ಐದು ದಿನದ ಮಟ್ಟಿಗೆ ಬಂದಿದ್ದೆವು. ರಾಕ್ಷಸ ನಮ್ಮ ಜೊತೆ ಬಂದಿರಲಿಲ್ಲ. ರಬ್ಬರಿನ ಚರ್ಮ, ಅದರೊಳಗೆ ಬೆವರುವ ಒಬ್ಬ ಬಡಪಾಯಿ, ಇಬ್ಬರೂ ಟೋಕಿಯೋದ ನೀರಿನ ತೊಟ್ಟಿಯಲ್ಲಿ ಆಮೇಲೆ ಏಳುವವರಿದ್ದರು. ಇಲ್ಲಿಗೆ ತಂದದ್ದು ಮೂವತ್ತು ಅಡಿಯ ಒಂದು ಬಿದಿರು ಕೋಲು. ಅದರ ತುದಿಗೆ ಕೆಂಪು ಬಟ್ಟೆ. ಓಡುವವರು ಹಿಂದಿರುಗಿ ನೋಡಿದಾಗ ಅವರ ಕಣ್ಣು ಆ ಬಟ್ಟೆಯ ಮೇಲೆ ನೆಡಬೇಕು. ಅದೇ ರಾಕ್ಷಸನ ತಲೆ.

"ಅದು ಏನು ತಿನ್ನುತ್ತಂತೆ?" ಎಂದು ಒಬ್ಬ ಮುದುಕ ಕೇಳಿದ್ದ.

"ಕರೆಂಟು ಕಂಬ ತಿನ್ನುತ್ತೆ, ತಾತ."

"ನಮ್ಮೂರಲ್ಲಿರೋದು ಏಳೇ ಕಂಬ. ಪಾಪ, ನಾಳೆಯಿಂದ ಉಪವಾಸ."

ಎರಡನೆಯ ಸಲ ಮೆಟ್ಟಿಲಿಗೆ ಹುಲ್ಲು ಹಗ್ಗ ಕಟ್ಟಿಸಿದೆ. ಎಪ್ಪತ್ತು ವರ್ಷದ ಅಜ್ಜಿಯರೂ ಅದನ್ನು ಹಾರಿದರು. ಮೂರನೆಯ ಸಲ ನಾನೇ ಮೊದಲ ಮೆಟ್ಟಿಲಿನ ಮೇಲೆ ಎರಡೂ ಕೈ ಚಾಚಿ ನಿಂತೆ. ನೂರೆಂಬತ್ತು ಜನ ನನ್ನನ್ನು ಕೆಡವಿ ಹೋದರು. ಯಾರೂ ಬೇಕೆಂದು ತುಳಿಯಲಿಲ್ಲ, ಒಬ್ಬಳನ್ನು ಬಿಟ್ಟು.

"ಕೈ ತುಳಿದ್ರಲ್ರೀ!"

ನುಯಿ ನಾಲ್ಕು ಮೆಟ್ಟಿಲು ಮೇಲೆ ನಿಂತು ನೋಡಿದಳು. ತಲೆಗೆ ಸುತ್ತಿದ ಟವೆಲ್ಲು, ಬಿಸಿಲಿಗೆ ಕೆಂಪಾದ ಕೆನ್ನೆ, ಮೈಯೆಲ್ಲ ಬೊಂಡಾಸ ಮೀನಿನ ವಾಸನೆ. ಅವಳು ಯಾರನ್ನಾದರೂ ನೋಡುವಾಗ ಮೊದಲು ಎಡಗಣ್ಣು ಕಿರಿದಾಗುತ್ತಿತ್ತು, ಬಲೆಯಲ್ಲಿ ಸಿಕ್ಕಿದ್ದು ತಿನ್ನುವ ಮೀನೋ ಎಸೆಯುವ ಮೀನೋ ಎಂದು ತೂಗುವ ಹಾಗೆ.

"ದಾರೀಲಿ ಮಲಗಿದ್ರೆ ತುಳೀದೆ ಇನ್ನೇನು ಮಾಡ್ಲಿ?"

"ನಾನು ಮಲಗಿಲ್ಲ. ನೀವು ಬೀಳಿಸಿದ್ದು. ರಸ್ತೇಲಿ ಓಡಿ ಅಂತ ಎಷ್ಟು ಸಲ ಹೇಳ್ಬೇಕು?"

"ಕಡಲಿಂದ ಬಂದದ್ದು ಅಂದ್ರಲ್ಲ ನೀವು. ಕಡಲಿಂದ ಬಂದ್ರೆ ಗುಡ್ಡ ಹತ್ತೋದು. ಯಾವ ಹುಚ್ಚ ರಸ್ತೇಲಿ ಓಡ್ತಾನೆ?"

"ಇದು ಸಿನಿಮಾ ಕಣ್ರೀ!"

"ನಮಗೆ ಗೊತ್ತು. ಕಾಲಿಗೆ ಗೊತ್ತಾಗ್ಬೇಕಲ್ಲ." ಅವಳು ಮೆಟ್ಟಿಲಿನ ಮೇಲೆ ಕೂತಿದ್ದ ಮಕ್ಕಳ ಕಡೆ ಗದ್ದ ತೋರಿಸಿದಳು. "ನೀವು ಐದು ದಿನ ಅವುಗಳನ್ನ ರಸ್ತೇಲಿ ಓಡಿಸಿ ಅಭ್ಯಾಸ ಮಾಡಿಸ್ತೀರಿ. ಆಮೇಲೆ ಬಸ್ಸು ಹತ್ತಿ ಹೋಗ್ತೀರಿ. ಮುಂದೆ ಯಾವತ್ತೋ ನಿಜವಾಗ್ಲೂ ಅಲೆ ಎದ್ದ ದಿನ ಆ ಕಾಲು ಯಾವ ಕಡೆ ಹೋಗ್ಬೇಕು, ಹೇಳಿ?"

ಉತ್ತರ ಇಲ್ಲದಿದ್ದಾಗ ನನಗೆ ಸಿಟ್ಟು ಬರುತ್ತದೆ. ಅವತ್ತೂ ಬಂತು.

ಮುಂದೆ ಬಾಳಿನುದ್ದಕ್ಕೂ ಅವಳು ನನ್ನನ್ನು ಹೀಗೆ ಉತ್ತರವಿಲ್ಲದ ಜಾಗಕ್ಕೆ ತಂದು ನಿಲ್ಲಿಸಿ ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಈಗ ದಿನಾ ಬೆಳಿಗ್ಗೆ ದೇವರ ಗೂಡಿನಲ್ಲಿ, ತೀರಿಹೋದ ಅವಳ ಹೆಸರು ಬರೆದ ಫಲಕದ ಮುಂದೆ ಚಹಾ ಇಟ್ಟು, ಬುದ್ಧನ ನಾಮ ಹೇಳಿ, ತಣ್ಣಗಾದ ಮೇಲೆ ಅದನ್ನು ನಾನೇ ಕುಡಿಯುತ್ತೇನೆ. ಚಹಾವನ್ನು ತಣ್ಣಗೆ ಮಾಡಿ ಕುಡಿಯುವವನು ಅವಳ ದೃಷ್ಟಿಯಲ್ಲಿ ಮನುಷ್ಯನೇ ಅಲ್ಲ. ಬೈಯಲಿ ಎಂದು ಒಂದು ಕ್ಷಣ ಕಾಯುತ್ತೇನೆ.

ಅದಿರಲಿ.

ಎರಡನೆಯ ದಿನ ಸೊಯೆಜಿಮಾ ಅವರಿಗೆ ನುಯಿಯ ಮುಖ ಕಣ್ಣಿಗೆ ಬಿತ್ತು. "ಆ ಹುಡುಗಿ," ಎಂದರು. "ಜನ ಓಡ್ತಿದಾರೆ. ಒಂದು ಮಗು ಹಿಂದೆ ಉಳಿದುಬಿಡುತ್ತೆ. ಆ ಹುಡುಗಿ ನಿಲ್ತಾಳೆ. ತಿರುಗ್ತಾಳೆ. ಎಲ್ರೂ ಈ ಕಡೆ ಬರ್ತಿದ್ರೆ ಅವಳೊಬ್ಬಳು ರಾಕ್ಷಸನ ಕಡೆ ಓಡ್ತಾಳೆ. ಪ್ರೀತಿ ಅಂದ್ರೆ ಅದು, ಮಕಿತಾ. ಇಡೀ ಸಿನಿಮಾ ಅಲ್ಲಿದೆ. ಹೋಗಿ ಕೇಳು."

ಬೊಂಡಾಸ ಒಣಹಾಕುವ ಹಗ್ಗಗಳ ಸಾಲಿನ ನಡುವೆ ಅವಳು ನಿಂತಿದ್ದಳು. ನೂರಾರು ಮೀನುಗಳು ಒಗೆದ ಬಟ್ಟೆಯ ಹಾಗೆ ಗಾಳಿಗೆ ಆಡುತ್ತಿದ್ದವು. ನಾನು ಹೇಳಿ ಮುಗಿಸುವ ಮೊದಲೇ ಅವಳು, "ಆಗಲ್ಲ," ಎಂದಳು.

"ಪೂರ್ತಿ ಕೇಳಿ..."

"ಕೇಳಿದೆ. ತಿರುಗಲ್ಲ."

"ನಿಮ್ಮ ಮುಖ ಪರದೆಯಷ್ಟು ದೊಡ್ಡದಾಗಿ ಕಾಣುತ್ತೆ."

"ಈಗಿರೋದೇ ಸಾಕು. ಇದಕ್ಕೇ ಗಿರಾಕಿ ಇಲ್ಲ."

ಇಪ್ಪತ್ತೆಂಟು ವರ್ಷ ಅವಳಿಗೆ, ಮದುವೆಯಾಗಿರಲಿಲ್ಲ. ನನಗಿಂತ ಒಂದು ವರ್ಷ ದೊಡ್ಡವಳು. ಈ ಒಂದು ವರ್ಷವನ್ನು ಮುಂದೆ ಪ್ರತಿ ಜಗಳದಲ್ಲೂ ದೊಣ್ಣೆಯ ಹಾಗೆ ಬಳಸಿದಳು. ಅವತ್ತು ನನಗೆ ತೋಚಿದ್ದು ಇಷ್ಟೆ: ಹಳ್ಳಿಯ ಹೆಣ್ಣು, ಬಿಂಕ ಮಾಡುತ್ತಿದ್ದಾಳೆ, ಮನೆಗೆ ಹೋಗಿ ಹಿರಿಯರನ್ನು ಕೇಳಬೇಕು. ಸಂಜೆ ಟೋಕಿಯೋದ ಮಿಠಾಯಿಯ ಪೊಟ್ಟಣ ಹಿಡಿದು ಅವಳ ಮನೆಗೆ ಹೋದೆ. ಅಲ್ಲಿದ್ದದ್ದು ಅವಳ ಅಜ್ಜಿ ಟೊಮೆ ಒಬ್ಬರೇ. ನುಯಿ ಬಾವಿಗೆ ಹೋಗಿದ್ದಳು.

ಅಜ್ಜಿ ಮಿಠಾಯಿಯನ್ನು ಮೊದಲು ದೇವರ ಗೂಡಿನ ಮುಂದೆ ಇಟ್ಟರು. ಅಲ್ಲಿ ಚಿಕ್ಕದೊಂದು ಫೋಟೋ ಇತ್ತು. ನುಯಿಯದೇ ಕಣ್ಣು, ನುಯಿಯದೇ ಗದ್ದ.

"ಇವಳು ನನ್ನ ಸೊಸೆ," ಎಂದರು ಅಜ್ಜಿ. "ಶೋವಾ ಎಂಟನೇ ವರ್ಷ, ಅಂದ್ರೆ ಇಪ್ಪತ್ನಾಲ್ಕು ವರ್ಷದ ಹಿಂದೆ, ದೊಡ್ಡ ಅಲೇಲಿ ಹೋದ್ಲು. ಭೂಮಿ ನಡುಗ್ತು. ನಮ್ಮೂರಲ್ಲಿ ನಡುಗಿದ್ರೆ ಯಾರೂ ಯಾರನ್ನೂ ಕೂಗೋ ಹಾಗಿಲ್ಲಪ್ಪ. ಗಂಡ ಹೆಂಡ್ತೀನ ಕಾಯ್ಬಾರ್ದು, ತಾಯಿ ಮಗೂನ ಹುಡುಕ್ಬಾರ್ದು. ಅವರವರ ಕಾಲು ಅವರವರನ್ನ ಗುಡ್ಡ ಹತ್ತಿಸ್ಬೇಕು. ನಾನು ಕೈಗೆ ಸಿಕ್ಕಿದ ಮಗೂನ ಸೊಂಟಕ್ಕೆ ಹಾಕ್ಕೊಂಡು ಹತ್ತಿಬಿಟ್ಟೆ. ಅದೇ ನುಯಿ. ನಾಲ್ಕು ವರ್ಷ. ಇವಳೂ ಹತ್ತಿದ್ಲು, ನಲವತ್ತನೇ ಮೆಟ್ಲವರೆಗೂ ಬಂದಿದ್ಲು. ಅಲ್ಲಿ ನಿಂತು ನುಯಿ ಎಲ್ಲಿ ಅಂದ್ಲಂತೆ. ಮೇಲೆ ನನ್ನ ಸೊಂಟದ ಮೇಲಿತ್ತು ಮಗು. ಇವಳು ಕೆಳಗೆ ಹೋದ್ಲು."

ಅಜ್ಜಿ ಮಿಠಾಯಿಯ ಕಾಗದದ ಮಡಿಕೆಯನ್ನು ಬೆರಳಿನಿಂದ ನೇರ ಮಾಡಿದರು.

"ಮಗು ಮೇಲೆ ಹತ್ತಿರುತ್ತೆ ಅಂತ ನಂಬಿದ್ದಿದ್ರೆ ಇವತ್ತು ನಿಮಗೆ ಚಹಾ ಅವಳೇ ಕೊಡ್ತಿದ್ಲು."

ಬಾಗಿಲಲ್ಲಿ ಕೊಡ ಹಿಡಿದು ನುಯಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಇವರು ಊಟ ಮಾಡ್ಕೊಂಡು ಹೋಗ್ತಾರಾ, ಬರೀ ತಲೆ ತಿಂದು ಹೋಗ್ತಾರಾ?" ಎಂದು ಅಜ್ಜಿಯನ್ನು ಕೇಳಿದಳು.

ಊಟ ಮಾಡಿಕೊಂಡೇ ಹೋದೆ. ಬೊಂಡಾಸವನ್ನು ಅದರ ಕರುಳಿನಲ್ಲೇ ಹುರಿದ ಪಲ್ಯ. ಎರಡು ಸಲ ಅನ್ನ ಹಾಕಿಸಿಕೊಂಡೆ. ಮೂರನೆಯ ಸಲ ಬಟ್ಟಲು ಚಾಚಿದಾಗ ಅವಳ ಎಡಗಣ್ಣು ಕಿರಿದಾಯಿತು. ಆದರೆ ಅನ್ನ ಬಿತ್ತು.

ಮೂರನೆಯ ದಿನ ನಾನು ಸೊಯೆಜಿಮಾ ಅವರ ಮುಂದೆ ನಿಂತು ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನದೇ ಆದ ಒಂದು ಮಾತು ಹೇಳಿದೆ. "ಸರ್, ಜನ ರಸ್ತೆಗೆ ಬರಲ್ಲ. ಕ್ಯಾಮರಾನೇ ಮೆಟ್ಟಿಲ ಮೇಲೆ ಹೋಗ್ಲಿ. ಮೇಲಿಂದ ಕೆಳಕ್ಕೆ ನೋಡಿದ್ರೆ ಕಡಲು ಪೂರ್ತಿ ಕಾಣುತ್ತೆ. ರಾಕ್ಷಸ ಹಿಂದೆ ಏಳ್ತಾನೆ, ಜನ ನಮ್ಮ ಕಡೆಗೆ ಹತ್ತಿ ಬರ್ತಾರೆ."

ಅವರು ಟೋಪಿ ತೆಗೆದರು. ಮೆಟ್ಟಿಲು ನೋಡಿದರು. ಟೋಪಿ ಹಾಕಿಕೊಂಡರು. "ನೂರ ನಲವತ್ತು ಮೆಟ್ಲು. ಕ್ಯಾಮರಾ ಯಾರು ಹೊರ್ತಾರೆ, ನಿಮ್ಮಪ್ಪನಾ? ಸರಿ. ಆದ್ರೆ ಆ ಹುಡುಗಿ ತಿರುಗ್ಬೇಕು. ಅದಿಲ್ದಿದ್ರೆ ನೀನು ಊರಿಗೆ ಹೋಗಿ ನಿಮ್ಮಪ್ಪನ ಚಪ್ಪಲಿ ಅಂಗಡೀಲಿ ಕೂತ್ಕೋ. ಒಪ್ಪಿದಾಳಾ?"

"ಒಪ್ಪಿದಾಳೆ, ಸರ್," ಎಂದೆ.

ಏಕೆ ಹಾಗೆಂದೆನೋ. ಶಾಟ್ ತೆಗೆಯುವುದರೊಳಗೆ ಹೇಗೋ ಒಪ್ಪಿಸಬಹುದು ಎಂದುಕೊಂಡೆ. ಪಾಪದ ಕೆಲಸವೆಲ್ಲ ಮೊದಲು ಇಂಥ ಸಣ್ಣ ಅನುಕೂಲದ ವೇಷದಲ್ಲೇ ಬರುತ್ತದೆ.

ಆ ದಿನವೆಲ್ಲ ಸಾಮಾನು ಹೊತ್ತೆವು. ಊರಿನ ಹೆಂಗಸರು ತಾವಾಗಿ ಬಂದು ಕೈ ಕೊಟ್ಟರು. ಗುಡ್ಡ ಹತ್ತಲು ಒಪ್ಪಿದ ಸಿನಿಮಾದವರ ಮೇಲೆ ಅವರಿಗೆ ಅಕ್ಕರೆ ಬಂದಿತ್ತು. ಕ್ಯಾಮರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡಿನ ಒಂದು ತುದಿ ನನ್ನ ಹೆಗಲಿಗೆ, ಇನ್ನೊಂದು ನುಯಿಯ ಹೆಗಲಿಗೆ.

"ನಿಮ್ಮ ಕಡೆ ತಗ್ಗುತ್ತಿದೆ," ಎಂದಳು ಅವಳು ಮೇಲಿನಿಂದ.

"ನನ್ನ ಕಡೆ ಕೆಳಗಿದೆ. ತಗ್ಗಲೇಬೇಕು."

"ಉಸಿರು ಬಿಡೋ ಸದ್ದು ಕೇಳಿದ್ರೆ ರಾಕ್ಷಸನೇ ಬಂದ ಹಾಗಿದೆ."

"ನಲವತ್ತಾಯ್ತಾ?" ಎಂದು ಕೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅವಳು ನಿಂತಳು. ಸ್ಟ್ಯಾಂಡು ನಮ್ಮಿಬ್ಬರ ನಡುವೆ ನಿಂತಿತು.

"ಇದೇ ನಲವತ್ತು," ಎಂದಳು. "ನೀವು ಎಣಿಸ್ತಿದ್ರಾ?"

"ಹೂಂ."

ಅವಳು ಕತ್ತು ಅರ್ಧ ತಿರುಗಿಸಿ, ಹೆಗಲ ಮೇಲಿನಿಂದ ನನ್ನನ್ನು ನೋಡಿದಳು. ಕಣ್ಣು ಕಿರಿದಾಗಲಿಲ್ಲ. ಎರಡೂ ಕಣ್ಣು ಒಂದೇ ಅಳತೆಯಲ್ಲಿ, ತೆರೆದು, ನನ್ನ ಮೇಲೆ ನಿಂತವು. ಅಷ್ಟು ಸಾಕಿತ್ತು. ಉಳಿದ ನೂರು ಮೆಟ್ಟಿಲು ಹೆಗಲ ಮೇಲೆ ಏನಿತ್ತು ಎಂದು ಕೇಳಿದರೆ ನನಗೆ ನೆನಪಿಲ್ಲ.

ಅವತ್ತೇ ನಿಜ ಹೇಳಬಹುದಾಗಿತ್ತು. ಹೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆ. ಕ್ಯಾಮರಾ ಮೇಲೆ. ಊರೆಲ್ಲ ಕೆಳಗೆ ಮರಳಿನ ಮೇಲೆ. ಕೋಲು ಹಿಡಿಯುವ ಎರಡನೆಯ ಸಹಾಯಕನಿಗೆ ಹೊಟ್ಟೆ ಕೆಟ್ಟಿದ್ದರಿಂದ ಕೋಲೂ ನನ್ನ ಕೈಗೆ ಬಂತು. ಕಡಲಿಗೆ ಚಾಚಿದ ದಕ್ಕೆಯ ತುದಿಗೆ ಕಟ್ಟಿದ ಸಣ್ಣ ದೋಣಿಯಲ್ಲಿ ನಾನೊಬ್ಬನೇ ನಿಂತು, ಒಂದು ಕೈಯಲ್ಲಿ ರಾಕ್ಷಸನನ್ನು ದೋಣಿಯ ತಳಕ್ಕೆ ಊರಿ ಹಿಡಿದು, ಇನ್ನೊಂದರಲ್ಲಿ ಬಾವುಟ ಬಿಡಿಸುತ್ತಿದ್ದೆ. ಬಾವುಟ ಇನ್ನೂ ಕಂಕುಳಲ್ಲಿತ್ತು.

ಅಷ್ಟರಲ್ಲಿ ಜನ ಓಡತೊಡಗಿದರು.

ನನಗೆ ಮೈ ಉರಿದುಹೋಯಿತು. ನಾಲ್ಕು ದಿನ ಹೇಳಿಕೊಟ್ಟದ್ದು ನೀರಿನಲ್ಲಿ ಹೋಮ. ಬಾವುಟ ಬಿದ್ದಿಲ್ಲ, ಯಾರೂ ಏನೂ ಹೇಳಿಲ್ಲ, ತಮ್ಮಷ್ಟಕ್ಕೆ ತಾವು ಹೊರಟುಬಿಟ್ಟಿದ್ದಾರೆ. ಅದೂ ಹೇಗೆ? ಒಬ್ಬರೂ ಕಿರುಚುತ್ತಿಲ್ಲ. ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ, ಸಾಲು ಕೆಡದೆ ಹತ್ತುತ್ತಿದ್ದಾರೆ. ಕಿರುಚಿದರೆ ಉಸಿರು ಹೋಗುತ್ತದೆ ಎಂದು ನಿನ್ನೆ ಅಜ್ಜಿಯರು ವಾದ ಮಾಡಿದ್ದರು. ನಾನು ಬಾವುಟ ಬಿಸಾಡಿ ಮೆಗಾಫೋನು ಎತ್ತಿಕೊಂಡೆ.

"ನಿಲ್ಲಿ! ಯಾರ್ರೀ ಹೇಳಿದ್ದು ಓಡಿ ಅಂತ? ವಾಪಸ್ ಬನ್ನಿ! ಎಲ್ರೂ ವಾಪಸ್ ಬನ್ನಿ!"

ಯಾರೂ ನಿಲ್ಲಲಿಲ್ಲ. ಮೆಟ್ಟಿಲಿನ ನಡುವೆ ಒಂದೇ ಒಂದು ತಲೆ ನಿಂತಿತು. ಬಿಳಿ ಟವೆಲ್ಲು. ಅದು ತಿರುಗಿತು. ಜನರ ಹೊಳೆಯನ್ನು ಸೀಳಿಕೊಂಡು ಕೆಳಗಿಳಿಯತೊಡಗಿತು.

ನನಗೆ ಸಂತೋಷವಾಯಿತು. ನಿಜ ಹೇಳುತ್ತೇನೆ, ಬುದ್ಧ ನನ್ನನ್ನು ಕ್ಷಮಿಸಲಿ, ನನಗೆ ಸಂತೋಷವಾಯಿತು. ಕೇಳದೆಯೇ ಒಪ್ಪಿದಳು, ಸೊಯೆಜಿಮಾ ಅವರ ಶಾಟ್ ಸಿಕ್ಕಿತು ಎಂದುಕೊಂಡೆ. ರಸ್ತೆ ದಾಟಿದಳು. ಮರಳು ದಾಟಿದಳು. ದಕ್ಕೆಯ ಹಲಗೆಗಳ ಮೇಲೆ ಅವಳ ಕಾಲು ದಡದಡ ಸದ್ದು ಮಾಡಿತು. ಆಗ ಮುಖ ಕಂಡಿತು. ಅದು ಸಿನಿಮಾದ ಮುಖವಾಗಿರಲಿಲ್ಲ.

"ನಡುಗ್ತು ಕಣೋ!" ಎಂದು ಕೂಗಿದಳು. "ಭೂಮಿ ನಡುಗ್ತು! ದೋಣೀಲಿ ನಿಂತಿದೀಯ, ನಿನಗೆ ಗೊತ್ತಾಗಲ್ಲ! ಇಳಿಯೋ, ಕತ್ತೆ!"

ನನ್ನ ಕೈಯಿಂದ ರಾಕ್ಷಸ ಜಾರಿ ನೀರಿಗೆ ಬಿದ್ದ. ಅವಳು ನನ್ನ ಅಂಗಿಯ ಕೊರಳು ಹಿಡಿದು ದಕ್ಕೆಗೆ ಎಳೆದಳು. ಇಬ್ಬರೂ ಓಡಿದೆವು. ಮೆಟ್ಟಿಲಿನ ಬುಡದಲ್ಲಿ ಅವಳು ನನ್ನ ಕೈ ಕೊಡವಿಬಿಟ್ಟಳು. ನನಗಿಂತ ಮುಂದೆ, ಒಂದು ಸಲವೂ ನೋಡದೆ ಹತ್ತಿದಳು. ನಾನು ನಾಲ್ಕೂ ಕಾಲಿನಲ್ಲಿ ಹತ್ತಿದೆ.

ಅಲೆ ಬರಲಿಲ್ಲ. ಕಡಲು ಒಂದು ಗೇಣು ಏರಿತು, ಒಂದು ಗೇಣು ಇಳಿಯಿತು, ಆಮೇಲೆ ಏನೂ ಆಗದ ಹಾಗೆ ಹೊಳೆಯುತ್ತ ಕೂತಿತು. ಮೇಲೆ ನುಯಿ ನೆಲದ ಮೇಲೆ ಕುಸಿದು ಕೂತಿದ್ದಳು. ಅವಳ ಹಲ್ಲು ಕಟಕಟ ಸದ್ದು ಮಾಡುತ್ತಿತ್ತು. ನಾನು ಬಳಿಗೆ ಹೋದೆ.

"ಮುಟ್ಬೇಡ," ಎಂದಳು. "ವಾಪಸ್ ಬನ್ನಿ ಅಂತ ಕೂಗ್ತೀಯಲ್ಲ. ಆ ಮಾತು ಕೂಗ್ಬಹುದಾ? ಮಕ್ಕಳು ಕೇಳಿ ಬಂದಿದ್ರೆ?"

"ನೀನು ಯಾಕೆ ಬಂದೆ?"

ಅವಳು ಉತ್ತರ ಕೊಡುವ ಮೊದಲೇ ಸೊಯೆಜಿಮಾ ಅವರು ಬಂದರು. ಟೋಪಿ ಎಲ್ಲೋ ಬಿದ್ದುಹೋಗಿತ್ತು. ಕಣ್ಣಲ್ಲಿ ನೀರಿತ್ತು. "ಅಮ್ಮಾ, ಹತ್ತು ವರ್ಷದಲ್ಲಿ ಇಂಥ ಶಾಟ್ ನನಗೆ ಸಿಕ್ಕಿರಲಿಲ್ಲ. ಕ್ಯಾಮರಾ ನಿಲ್ಲಿಸಲೇ ಇಲ್ಲ ನಾವು. ನೀನು ಒಪ್ಪಿಕೊಂಡೆ ಅಂತ ಮಕಿತಾ ಹೇಳಿದಾಗ ನಾನು ಪೂರ್ತಿ ನಂಬಿರಲಿಲ್ಲ. ದೊಡ್ಡ ಉಪಕಾರ."

ನುಯಿ ನನ್ನ ಮುಖ ನೋಡಿದಳು. "ನಾನು ಒಪ್ಪಿದ್ನಾ?"

ನಾನು ನೆಲ ನೋಡಿದೆ.

"ಅದನ್ನ ತೋರಿಸ್ಬೇಡಿ," ಎಂದಳು ಅವಳು ನಿರ್ದೇಶಕರಿಗೆ. "ಜನ ನೋಡ್ತಾರೆ. ಇಂಥ ಕಡಲತೀರದ ಮಕ್ಕಳೆಲ್ಲ ನೋಡ್ತಾರೆ. ತಿರುಗಿ ಹೋಗೋದು ದೊಡ್ಡತನ ಅಂತ ಕಲೀತಾರೆ."

"ಅಮ್ಮಾ, ಅದು ಪ್ರೀತಿ."

"ಅಲ್ಲ. ಅದು ನಂಬಿಕೆ ಇಲ್ಲದ್ದು," ಎಂದು ಎದ್ದು ಹೊರಟಳು.

ಆ ಸಂಜೆ ಬಾವಿಯ ಕಟ್ಟೆಯ ಬಳಿ ಐದಾರು ಹೆಣ್ಣುಮಕ್ಕಳು ಆಡುತ್ತಿದ್ದವು. ಕೋಲಿಗೆ ಕೆಂಪು ಚಿಂದಿ ಕಟ್ಟಿ ಒಬ್ಬಳು ಹಿಡಿದಿದ್ದಳು. ಉಳಿದವು ಓಡುತ್ತಿದ್ದವು. ಅವುಗಳಲ್ಲಿ ಚಿಕ್ಕದು, ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡದ್ದು, ನಡುವೆ ನಿಂತು ತಿರುಗಿ ಕೋಲಿನ ಕಡೆಗೆ ಓಡಿತು. "ನಾನು ನುಯಿ ಅಕ್ಕ!" ಎಂದಿತು. "ಈಗ ನಾನು ನುಯಿ ಅಕ್ಕ," ಎಂದು ಇನ್ನೊಂದು ಜಗಳ ತೆಗೆಯಿತು. ಬಾವಿಯ ಹಗ್ಗ ಹಿಡಿದು ನಿಂತಿದ್ದ ನುಯಿಯ ಮುಖ ನೋಡಲಾಗದೆ ನಾನು ಬೇರೆ ದಾರಿ ಹಿಡಿದೆ.

ಫಿಲ್ಮಿನ ಡಬ್ಬಿಗಳಿಗೆ ಚೀಟಿ ಅಂಟಿಸಿ ಟೋಕಿಯೋಗೆ ಒಯ್ಯುವುದು ಮೂರನೆಯ ಸಹಾಯಕನ ಕೆಲಸ. ಆ ಶಾಟಿನ ಡಬ್ಬಿ ನನ್ನ ತಲೆದಿಂಬಿನ ಬಳಿಯೇ ಇತ್ತು. ಸೂರ್ಯ ಹುಟ್ಟುವ ಹೊತ್ತಿಗೆ ಅದನ್ನು ಎತ್ತಿಕೊಂಡು ಬೊಂಡಾಸ ಒಣಹಾಕುವ ಹಗ್ಗಗಳ ಬಳಿಗೆ ಹೋದೆ. ಪಟ್ಟಿ ಕಿತ್ತು, ಮುಚ್ಚಳ ತೆಗೆದು, ಫಿಲ್ಮನ್ನು ಪೂರ್ತಿ ಎಳೆದು ಹಗ್ಗದ ಮೇಲೆ ಹರವಿದೆ. ತೊಳೆಯದ ಫಿಲ್ಮು ಬೆಳಕು ಕಂಡ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ. ನಾಲ್ಕು ವರ್ಷದ ಅನ್ನ ಆ ಹಗ್ಗದ ಮೇಲೆ ತೂಗುತ್ತಿತ್ತು.

ನುಯಿ ಮೀನಿನ ಬುಟ್ಟಿ ಹೊತ್ತು ಬಂದಳು.

"ನನ್ನ ಹಗ್ಗದ ಮೇಲೆ ಇದೇನು?"

"ನಿನ್ನೆಯ ನೀನು," ಎಂದೆ. "ಬಿಸಿಲಿಗೆ ಹಾಕಿದೀನಿ."

ಅವಳು ಬುಟ್ಟಿ ಇಳಿಸಿದಳು. ಫಿಲ್ಮನ್ನು ಎರಡು ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿದಳು.

"ಏನೂ ಕಾಣಲ್ವಲ್ಲ."

"ಇನ್ನು ಕಾಣಲ್ಲ."

"ನಿನ್ನ ಕೆಲಸ?"

"ಅದೂ ಕಾಣಲ್ಲ."

"ಅಯ್ಯೋ, ಪೂರ್ತಿ ಕತ್ತೆ," ಎಂದಳು ಅವಳು. ದನಿ ಮಾತ್ರ ಬೈಗುಳದ್ದಾಗಿರಲಿಲ್ಲ.

ನಾವು ಇಳಿದಿದ್ದ ಛತ್ರದ ಬಾಗಿಲಿನಿಂದ ಸೊಯೆಜಿಮಾ ಅವರು ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡು ಹೊರಗೆ ಬಂದರು. ಮೀನಿನ ಹಗ್ಗದ ಮೇಲೆ ಕಪ್ಪಗೆ ಹೊಳೆಯುತ್ತಿದ್ದುದನ್ನು ನೋಡಿದರು. ಬ್ರಷ್ಷು ಬಿತ್ತು. ಹೊಡೆಯುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ.

"ಮಕಿತಾ," ಎಂದರು, ನೊರೆಯ ನಡುವೆ. "ನಿನ್ನನ್ನ ಕೆಲಸದಿಂದ ತೆಗೆದಿದೀನಿ."

"ಸರಿ, ಸರ್."

"ಬಸ್ಸು ಹನ್ನೊಂದಕ್ಕೆ. ಅಷ್ಟರೊಳಗೆ ಶಾಟ್ ಬೇಕು. ಹೋಗು, ಮೊದಲು ಜನರನ್ನ ಸೇರಿಸು."

ಕೆಲಸ ಕಳೆದುಕೊಂಡವನು ಮನೆಮನೆಗೆ ಓಡಿ ಬಾಗಿಲು ತಟ್ಟಿದೆ. ಊರಿನವರು ಗೊಣಗುತ್ತ ಬಂದರು. ಮುಳುಗಿದ ರಾಕ್ಷಸನನ್ನು ಹುಡುಕಿ ತೆಗೆದು ಮತ್ತೆ ಬಟ್ಟೆ ಕಟ್ಟಿದೆ. ಒಂಬತ್ತೂವರೆಗೆ ನೂರೆಂಬತ್ತು ಜನ ಬಾಯಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದರು. ಒಬ್ಬರೂ ತಿರುಗಲಿಲ್ಲ. ಸದ್ದಿಲ್ಲದೆ ಮೇಲೇರಿ ಬರುವ ಆ ಮುಖಗಳನ್ನು ಕ್ಯಾಮರಾದಲ್ಲಿ ನೋಡುತ್ತಿದ್ದ ಸೊಯೆಜಿಮಾ ಅವರು ಕಟ್ ಹೇಳುವುದನ್ನೇ ಮರೆತರು. ಆಮೇಲೆ, "ಇದೂ ಹೆದರಿಕೆ ಹುಟ್ಟಿಸುತ್ತೆ," ಎಂದಷ್ಟೇ ಹೇಳಿದರು. ನನ್ನ ಕಡೆ ನೋಡಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ ನನ್ನ ಪೆಟ್ಟಿಗೆಯನ್ನು ಅವರೇ ಕೆಳಗೆ ದಾಟಿಸಿದರು. ಎಸೆಯಲಿಲ್ಲ, ದಾಟಿಸಿದರು. ಅಷ್ಟನ್ನು ನಾನು ಮರೆತಿಲ್ಲ.

ಧೂಳು ಕೂರುವವರೆಗೂ ನಿಂತಿದ್ದೆ. ನುಯಿ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಬಸ್ಸು ಹೋಯ್ತು."

"ಹೋಯ್ತು."

"ಮುಂದಿನದು ನಾಳೆ."

"ಗೊತ್ತು."

"ಊಟಕ್ಕೆ ಎಲ್ಲಿಗೆ ಹೋಗ್ತೀಯ? ಮೂರು ಸಲ ಅನ್ನ ಹಾಕಿಸ್ಕೊಳ್ಳೋನಿಗೆ ಛತ್ರದವರು ಜಾಗ ಕೊಡಲ್ಲ."

"ನಿನ್ನೆ ನಾನು ಒಂದು ಪ್ರಶ್ನೆ ಕೇಳಿದ್ದೆ," ಎಂದೆ. "ನೀನು ಯಾಕೆ ಬಂದೆ ಅಂತ."

ಅವಳು ಕಡಲ ಕಡೆ ನೋಡಿದಳು. ಕಿವಿಯ ತುದಿ ಕೆಂಪಾಯಿತು. ಸಿಟ್ಟಿನಿಂದಲೋ ಏನೋ. "ಯಾಕೆ ಅಂದ್ರೆ? ಅಮ್ಮ ಹೋದದ್ದನ್ನ ಇಪ್ಪತ್ನಾಲ್ಕು ವರ್ಷ ಬೈಕೊಂಡು ಬಂದಿದೀನಿ. ನಲವತ್ತನೇ ಮೆಟ್ಲಲ್ಲಿ ನಿನ್ನ ಧ್ವನಿ ಕೇಳ್ತು, ಕಾಲು ತಿರುಗೇಬಿಡ್ತು. ನನ್ನ ಕೇಳ್ಲಿಲ್ಲ. ಸಾಯೋವರೆಗೂ ನಿನ್ನ ಕ್ಷಮಿಸಲ್ಲ ನಾನು."

"ಸಾಯೋವರೆಗೂ?"

"ಹೂಂ."

"ಹಾಗಾದ್ರೆ ನಾನು ಇಲ್ಲೇ ಇರ್ಬೇಕಾಗುತ್ತೆ. ದೂರದಲ್ಲಿರೋನನ್ನ ದಿನಾ ಹೇಗೆ ಕ್ಷಮಿಸದೆ ಇರ್ತೀಯ?"

ಅವಳು ತಿರುಗಿದಳು. ಎಡಗಣ್ಣು ಕಿರಿದಾಯಿತು. ಬಹಳ ಹೊತ್ತು ತೂಗಿದಳು. ತಿನ್ನುವ ಮೀನೋ, ಎಸೆಯುವ ಮೀನೋ. ನನ್ನ ಎದೆ ದಕ್ಕೆಯ ಹಲಗೆಯ ಹಾಗೆ ದಡದಡ ಎನ್ನುತ್ತಿತ್ತು.

"ಒಂದು ಮಾತು ಕೊಡ್ಬೇಕು," ಎಂದಳು. "ನಡುಗಿದ ದಿನ ನಾನು ನಿನ್ನ ಕಾಯಲ್ಲ. ಇನ್ನೊಂದ್ಸಲ ತಿರುಗಲ್ಲ."

"ಕಾಯ್ಬೇಡ."

"ನೀನೂ ಕಾಯ್ಬಾರ್ದು. ಕೂಗ್ಬಾರ್ದು, ಹುಡುಕ್ಬಾರ್ದು. ನಾನು ಹತ್ತಿರ್ತೀನಿ ಅಂತ ನಂಬಿ ನಿನ್ನಷ್ಟಕ್ಕೆ ನೀನು ಹತ್ಬೇಕು. ಆಗುತ್ತ?"

ಬುದ್ಧನ ಮುಂದೆ ಕೂತು ಅನೇಕ ಮಾತು ಕೊಟ್ಟಿದ್ದೇನೆ, ಕೆಲವನ್ನು ನಡೆಸಿದ್ದೇನೆ. ಇದಕ್ಕಿಂತ ಕಷ್ಟದ್ದನ್ನು ಯಾರೂ ಕೇಳಿಲ್ಲ.

"ಆಗುತ್ತೆ," ಎಂದೆ.

"ಹಾಗಾದ್ರೆ ಹತ್ತು."

"ಈಗ್ಲೇ?"

"ಮತ್ತೆ ಯಾವಾಗ? ನಿನ್ನೆ ನಿನ್ನ ಓಟ ನೋಡ್ದೆ. ಬಾತುಕೋಳಿ ವಾಸಿ. ಇವತ್ತಿಂದ ದಿನಾ ಅಭ್ಯಾಸ."

ಹೇಳಿದವಳೇ ಓಡಿದಳು. ಪೆಟ್ಟಿಗೆಯನ್ನು ರಸ್ತೆಯಲ್ಲೇ ಬಿಟ್ಟು ನಾನೂ ಓಡಿದೆ. ಅವಳ ಹೆಸರು ಬಾಯಿಗೆ ಬಂತು, ಕೂಗಲಿಲ್ಲ. ಎಪ್ಪತ್ತನೆಯ ಮೆಟ್ಟಿಲಿನಲ್ಲಿ ಪಕ್ಕೆ ಹಿಡಿಯಿತು. ನೂರರಲ್ಲಿ ಕಣ್ಣು ಕತ್ತಲಾಯಿತು. ತಿರುವಿನಾಚೆ ಅವಳು ಕಾಣುತ್ತಿರಲಿಲ್ಲ, ಹೆಜ್ಜೆಯ ಸದ್ದೂ ಇರಲಿಲ್ಲ. ಹತ್ತಿರುತ್ತಾಳೆ ಎಂದುಕೊಂಡು ಹತ್ತಿದೆ.

ಅವಳು ಕೊನೆಯ ಮೆಟ್ಟಿಲಿನ ಮೇಲೆ, ಗುಡಿಯ ಕಡೆ ಮುಖ ಮಾಡಿ ಕೂತಿದ್ದಳು. ನನ್ನ ಏದುಸಿರು ಕೇಳಿತು. ನೋಡಲಿಲ್ಲ. ಸುಮ್ಮನೆ ಒಂದು ಕಡೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು.